ಓಕ್ ಮೇಜಿಗೆ ಬಿಸ್ಕತ್ತಿನ ಕಾಲು

ಅಪ್ಪಟ ಓಕ್ ಮರದ ಊಟದ ಮೇಜನ್ನು ಕೊಳ್ಳುವವರು ಮರ ಯಾವುದೆಂದು ವಿಚಾರಿಸುತ್ತಾರೆ. ಸಂದು ಯಾವುದೆಂದು ವಿಚಾರಿಸುವುದಿಲ್ಲ. ಮಾರುವವರಿಗೆ ಈ ಮೌನವೇ ಲಾಭ. ಕಾಲೂ ಅಡ್ಡಪಟ್ಟಿಯೂ ಕೂಡುವ ಜಾಗದಲ್ಲಿ ಎರಡು ಬಿಸ್ಕತ್ತು ತುರುಕಿ, ಅಂಟು ಸುರಿದು, ಅದನ್ನು ಮೊಮ್ಮಕ್ಕಳ ಕಾಲಕ್ಕೂ ಬಾಳುವ ಮೇಜೆಂದು ಹೊಗಳುವ ವ್ಯಾಪಾರವನ್ನು ನಾವು ಮೋಸವೆಂದೇ ಕರೆಯುತ್ತೇವೆ.

ಇಲ್ಲಿ ಬಿಸ್ಕತ್ತೆಂದರೆ ಒತ್ತಿ ಗಟ್ಟಿಮಾಡಿದ ಬೀಚ್ ಮರದ ತೆಳು ಬಿಲ್ಲೆ. 20ನೆಯ ನಂಬರಿನದು ಸುಮಾರು 56 ಮಿಲಿಮೀಟರ್ ಉದ್ದ, 23 ಮಿಲಿಮೀಟರ್ ಅಗಲ, 4 ಮಿಲಿಮೀಟರ್ ದಪ್ಪ. ಕೈಯಲ್ಲಿ ಹಿಡಿಯುವ ಯಂತ್ರದ ಪುಟ್ಟ ಗರಗಸ ಎರಡೂ ತುಂಡುಗಳಲ್ಲಿ ಬಾಗಿದ ಸೀಳು ಕೊರೆಯುತ್ತದೆ. ಅಂಟಿನ ನೀರನ್ನು ಹೀರಿದ ಬಿಲ್ಲೆ ಉಬ್ಬಿ ಅದರೊಳಗೆ ಬಿಗಿಯಾಗುತ್ತದೆ. 1950ರ ದಶಕದ ಮಧ್ಯಭಾಗದಲ್ಲಿ ಸ್ವಿಟ್ಜರ್ಲೆಂಡಿನ ಲೀಸ್ಟಾಲ್‌ನಲ್ಲಿ ಹರ್ಮನ್ ಸ್ಟೈನರ್ ಇದನ್ನು ರೂಪಿಸಿದ್ದು ಆಗತಾನೇ ಬಂದಿದ್ದ ಚಿಪ್‌ಬೋರ್ಡನ್ನು ಸುಲಭವಾಗಿ ಜೋಡಿಸುವುದಕ್ಕೆ. ಓಕ್ ಮೇಜಿನ ಕಾಲು ಆತನ ಸಮಸ್ಯೆಯಾಗಿರಲೇ ಇಲ್ಲ.

ಹಾಗೆಂದು ಯಂತ್ರ ಕಂಡೊಡನೆ ಮೂಗು ಮುರಿಯುವ ಶುದ್ಧಾಚಾರಿಗಳ ಪಂಕ್ತಿಯಲ್ಲಿ ನಾವು ಕೂರುವವರಲ್ಲ. ಮೇಜಿನ ಮೇಲ್ಭಾಗಕ್ಕೆ ಐದಾರು ಹಲಗೆಗಳನ್ನು ಅಂಚಿಗೆ ಅಂಚು ಕೂಡಿಸುವಾಗ ಬಿಸ್ಕತ್ತು ಒಳ್ಳೆಯ ಆಳು. ಅಲ್ಲಿ ಬಲ ಬರುವುದು ಅಂಟಿನಿಂದಲೇ; ಎಳೆಯ ಉದ್ದಕ್ಕೆ ಚೆನ್ನಾಗಿ ಕೂಡಿದ ಅಂಟುಸಂದು ಸುತ್ತಲಿನ ಮರಕ್ಕಿಂತ ಗಟ್ಟಿ. ಬಿಸ್ಕತ್ತಿನ ಕೆಲಸ ಹಲಗೆಗಳು ಮೇಲೆ ಕೆಳಗೆ ಜಾರದಂತೆ ಸಮತಲದಲ್ಲಿ ಹಿಡಿಯುವುದು, ಅಷ್ಟೆ. ಅದಕ್ಕೂ ಸ್ವಲ್ಪ ತಾಳ್ಮೆ ಬೇಕು: ಉಬ್ಬಿದ ಮರ ಒಣಗುವ ಮೊದಲೇ ಮೇಲ್ಮೈಯನ್ನು ಉಜ್ಜಿ ನಯಗೊಳಿಸಿದರೆ, ಕೆಲವು ವಾರಗಳಲ್ಲಿ ಬಿಸ್ಕತ್ತಿನಾಕಾರದ ತಗ್ಗುಗಳು ಬೆಳಕಿಗೆ ಎದ್ದು ಕಾಣುತ್ತವೆ. (ಒದ್ದೆ ಅಂಟಿನ ಮೇಲೆ ಕಬ್ಬಿಣದ ಹಿಡಿಕೆ ತಗುಲಿದರೆ ಓಕಿನ ಟ್ಯಾನಿನ್ ಕಪ್ಪು ಕಲೆಯಾಗುವುದು ಬೇರೆಯದೇ ಗೋಳು.)

ಕಾಲಿನ ಮಾತು ಬೇರೆ. ಅಡ್ಡಪಟ್ಟಿಯ ತುದಿಯಲ್ಲಿ ಎಳೆಗಳು ಕತ್ತರಿಸಿ ನಿಂತಿರುತ್ತವೆ. ಆ ಮುಖಕ್ಕೆ ಅಂಟು ಸರಿಯಾಗಿ ಹಿಡಿಯದು. ಆದ್ದರಿಂದಲೇ ಬಡಗಿಗಳು ತಲೆತಲಾಂತರದಿಂದ ಕಾಲಿನಲ್ಲಿ ಚೌಕ ಕುಳಿ ತೋಡಿ, ಪಟ್ಟಿಯ ತುದಿಯನ್ನು ನಾಲಗೆಯಂತೆ ಕೆತ್ತಿ ಅದರೊಳಗೆ ಕೂರಿಸುತ್ತ ಬಂದಿದ್ದಾರೆ. ನಾಲಗೆ 30 ಮಿಲಿಮೀಟರ್ ಒಳಹೋದರೆ, ಬಿಸ್ಕತ್ತು ಕಾಲಿನೊಳಗೆ ಹೋಗುವುದು 11 ಅಥವಾ 12 ಮಿಲಿಮೀಟರ್. ಮೇಜನ್ನು ಒಂದು ಮೂಲೆಯಿಂದ ಎಳೆದಾಗ ಸನ್ನೆಗೋಲಿನಂತೆ ಮೀಟುವ ಉದ್ದನೆಯ ಕಾಲಿಗೆ ಎದುರಾಗಿ ನಿಲ್ಲಬೇಕಾದ್ದು ಇಷ್ಟೇ ಮರ.

"ಮೇಜನ್ನು ಯಾರು ಎಳೆದಾಡುತ್ತಾರೆ, ಸ್ವಾಮಿ?" ಎಂಬುದು ಅಂಗಡಿಯ ಸಮಾಧಾನ. ನಾವು ಎಳೆದಾಡುತ್ತೇವೆ. ಹನ್ನೊಂದು ತಿಂಗಳ ಕರಾರು ಮುಗಿದೊಡನೆ ಮನೆ ಬದಲಿಸುವ ಮುಂಬಯಿ, ಪುಣೆಯ ಬಾಡಿಗೆದಾರರು ನಾವು. ಲಿಫ್ಟಿನಲ್ಲಿ ಹಿಡಿಸದ ಮೇಜನ್ನು ಮೆಟ್ಟಿಲ ತಿರುವುಗಳಲ್ಲಿ ಓರೆಮಾಡಿ ಇಳಿಸಿದವರು. ಊರಿನ ಮನೆಯ ಜಗುಲಿಯಲ್ಲಿ ಅಲುಗದೆ ಕುಳಿತ ಮೇಜಿಗಿಂತ ನಮ್ಮ ಮೇಜಿಗೆ ಗಟ್ಟಿ ಸಂದು ಹೆಚ್ಚು ಬೇಕು.

ಹವೆಯೂ ನಮ್ಮ ಪಕ್ಷದಲ್ಲಿಲ್ಲ. ದೆಹಲಿಯ ಮೇ ತಿಂಗಳ ಒಣಗಾಳಿಗೆ ಕುಗ್ಗಿದ ಮರ ಆಗಸ್ಟಿನ ತೇವಕ್ಕೆ ಹಿಗ್ಗುತ್ತದೆ. 900 ಮಿಲಿಮೀಟರ್ ಅಗಲದ, ಚಪ್ಪಟೆಯಾಗಿ ಕೊಯ್ದ ಬಿಳಿ ಓಕಿನ ಮೇಲ್ಭಾಗ, ಮರದೊಳಗಿನ ತೇವಾಂಶ ಶೇಕಡಾ 4ರಷ್ಟು ಬದಲಾದರೆ, ಅಗಲದಲ್ಲಿ ಸುಮಾರು 13 ಮಿಲಿಮೀಟರ್ ಚಲಿಸುತ್ತದೆ. ಇಂಥ ಹಲಗೆಯ ತುದಿಗೆ ಅಡ್ಡವಾಗಿ ಪಟ್ಟಿ ಇಟ್ಟು, ಉದ್ದಕ್ಕೂ ಬಿಸ್ಕತ್ತು ಹಾಕಿ ಅಂಟಿಸುವವರಿದ್ದಾರೆ. ನೋಡಲು ಅಚ್ಚುಕಟ್ಟು; ಆದರೆ ಚಲಿಸಲು ಎಡೆ ಸಿಗದ ಓಕು ಸೀಳಿಯೇ ದಾರಿ ಮಾಡಿಕೊಳ್ಳುತ್ತದೆ. ಪಟ್ಟಿಗೆ ನಡುವೆ ಮಾತ್ರ ಅಂಟು ಹಾಕಿ ಉಳಿದೆಡೆ ಜರುಗಲು ಬಿಡುವುದು ಬಡಗಿಗೆ ಗೊತ್ತು. ಮೇಲ್ಭಾಗವನ್ನು ಅಡ್ಡಪಟ್ಟಿಗೆ ಜರುಗುವ ಮರದ ಗುಬ್ಬಿಗಳಿಂದ ಹಿಡಿಸುವುದೂ ಗೊತ್ತು. ಆ ಗುಬ್ಬಿಗಳಿಗೆ ಸೀಳು ಕೊರೆಯಲು ಇದೇ ಬಿಸ್ಕತ್ತಿನ ಯಂತ್ರ ಸೊಗಸಾಗಿ ಒದಗುತ್ತದೆ.

ಕುಳಿ ತೋಡಿ ನಾಲಗೆ ಕೂರಿಸಲು ಬಡಗಿಗೆ ಹೆಚ್ಚು ಹೊತ್ತು ಹಿಡಿಯುತ್ತದೆ, ಕೂಲಿಯೂ ಹೆಚ್ಚಾಗುತ್ತದೆ. ಓಕಿನ ಬೆಲೆಯನ್ನು ಚೌಕಾಸಿಯಿಲ್ಲದೆ ತೆರುವ ನಾವು ಆ ಕೂಲಿಗೆ ಮಾತ್ರ ಹಿಂದೆಗೆಯುತ್ತೇವೆ. ಮುಂದಿನ ಸಲ ಮೇಜು ಮಾಡಿಸುವವರು ಕಾಲನ್ನು ಕೂಡಿಸುವ ಮೊದಲು ಒಮ್ಮೆ ಕಾರ್ಖಾನೆಗೆ ಹೋಗಿ, ಆ ಸಂದನ್ನು ಬಿಚ್ಚಿದ ಸ್ಥಿತಿಯಲ್ಲಿ ತೋರಿಸಿರೆಂದು ಕೇಳಲಿ.