ಕೊಟೇಶನ್ನಿನಲ್ಲಿ ಇಲ್ಲದ ಅಂಕಿಗಳು

ಮಹಾಪೆ ಎಂದರೆ ಈಗ ಹಲವರಿಗೆ ನೆನಪಾಗುವುದು ಡೇಟಾ ಸೆಂಟರು, ಸಾಫ್ಟ್‌ವೇರ್ ಪಾರ್ಕು. ಆದರೆ ಠಾಣೆ–ಬೇಲಾಪುರ ರಸ್ತೆಯುದ್ದಕ್ಕೂ ಹಬ್ಬಿರುವ ಟಿಟಿಸಿ ಕೈಗಾರಿಕಾ ಪ್ರದೇಶದಲ್ಲಿ, ಇಲ್ಲಿಯವರು ಗಾಲಾ ಎನ್ನುವ ಸಣ್ಣ ಶೆಡ್ಡುಗಳೂ ಇವೆ. ಅಲ್ಲಿ ನಿಕಲ್, ಕ್ರೋಮ್ ಲೇಪಿಸುವವರ ಬದುಕು ಒಂದು ಯಂತ್ರದ ಮೇಲೆ ನಿಂತಿದೆ: ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್. ಎಷ್ಟು ಆಂಪಿಯರ್, ಎಷ್ಟು ಹೊತ್ತು ಹರಿಯಿತೋ ಅದಕ್ಕೆ ತಕ್ಕಷ್ಟು ಲೋಹ ಕೂರುತ್ತದೆ; ಇದು ಫ್ಯಾರಡೆ ಹೇಳಿದ ನಿಯಮ. ಆದ್ದರಿಂದ ವೋಲ್ಟ್ ಹತ್ತರ ಆಸುಪಾಸು, ಆಂಪಿಯರ್ ಮಾತ್ರ ಸಾವಿರಗಳಲ್ಲಿ.

ಕೊಳ್ಳಲು ಹೊರಟವನ ಮುಂದೆ ಸಾಮಾನ್ಯವಾಗಿ ಎರಡು ಕೊಟೇಶನ್. ಒಂದು, ಎಣ್ಣೆಯಲ್ಲಿ ಮುಳುಗಿದ ಭಾರದ ಟ್ರಾನ್ಸ್‌ಫಾರ್ಮರಿನ ಥೈರಿಸ್ಟರ್ ಯಂತ್ರ. ಇನ್ನೊಂದು, ಹಗುರವಾದ ಎಸ್‌ಎಂಪಿಎಸ್. ಬೆಲೆ, ದಕ್ಷತೆಯ ಶೇಕಡಾವಾರು ನೋಡಿ ತೀರ್ಮಾನಿಸುವುದು ರೂಢಿ. ಸಾಲ ಮಾಡಿ ಕೊಳ್ಳುವವನಿಗೆ ಈ ರೂಢಿ ದುಬಾರಿ ಎಂಬುದು ನನ್ನ ವಾದ.

ಕೊಟೇಶನ್ನಿನ ದಕ್ಷತೆ ಸಾಮಾನ್ಯವಾಗಿ ಪೂರ್ಣ ಲೋಡಿನದು. ತೊಟ್ಟಿ ಕೇಳುವುದು 6 ವೋಲ್ಟ್, 1000 ಆಂಪಿಯರ್ ಎಂದಿಟ್ಟುಕೊಳ್ಳಿ. ಅಂದರೆ 6 ಕಿಲೋವ್ಯಾಟ್. ಸಿಲಿಕಾನ್ ಡಯೋಡ್ ಒಂದೊಂದೂ ಸುಮಾರು 1 ವೋಲ್ಟ್ ನುಂಗುತ್ತದೆ. ಬ್ರಿಜ್ ಜೋಡಣೆಯಲ್ಲಿ ಕರೆಂಟು ಎರಡನ್ನು ದಾಟಬೇಕು: 2 ಕಿಲೋವ್ಯಾಟ್ ಬರೀ ಬಿಸಿ. ಸೆಂಟರ್ ಟ್ಯಾಪ್ ಜೋಡಣೆಯಲ್ಲಿ ಒಂದೇ. ದಿನಕ್ಕೆ 10 ಗಂಟೆ, ವರ್ಷಕ್ಕೆ 300 ದಿನ ಓಡಿದರೆ ವ್ಯತ್ಯಾಸ 3000 ಯೂನಿಟ್. ಯೂನಿಟ್ಟಿಗೆ 9 ರೂಪಾಯಿ ಹಿಡಿದರೆ 27 ಸಾವಿರ, ಪ್ರತಿ ವರ್ಷ.

ಇನ್ನೊಂದು ತಪ್ಪು, ‘ಮುಂದೆ ಬೇಕಾದೀತು’ ಎಂದು ದೊಡ್ಡದನ್ನು ಕೊಳ್ಳುವುದು. 12 ವೋಲ್ಟಿನ ಥೈರಿಸ್ಟರ್ ಯಂತ್ರವನ್ನು 5 ವೋಲ್ಟಿನಲ್ಲಿ ಓಡಿಸಿದರೆ ಪವರ್ ಫ್ಯಾಕ್ಟರ್ ಅರ್ಧದ ಆಸುಪಾಸಿಗೆ ಇಳಿಯಬಹುದು. ಮಹಾರಾಷ್ಟ್ರದ ಹೈಟೆನ್ಷನ್ ಗ್ರಾಹಕರಿಗೆ 2020ರಿಂದ ಕೆವಿಎಎಚ್ ಲೆಕ್ಕದ ಬಿಲ್ಲು. ಈ ಕುಸಿತಕ್ಕೆ ನೇರವಾಗಿ ದುಡ್ಡು ತೆರಬೇಕು. ಜೊತೆಗೆ ಡಿಸಿಯ ಏರಿಳಿತವೂ, ಅಂದರೆ ರಿಪಲ್, ಹೆಚ್ಚುತ್ತದೆ. ಹಾರ್ಡ್ ಕ್ರೋಮಿಗೆ ಅದು ಶೇ. 5ರೊಳಗಿರಬೇಕು ಎನ್ನುತ್ತಾರೆ ಕಸುಬುದಾರರು.

ಹಾಗಾದರೆ ಎಸ್‌ಎಂಪಿಎಸ್ಸೇ ಸರಿಯೇ? ಕಡಿಮೆ ಲೋಡಿನಲ್ಲಿ ಅದು ಖಂಡಿತ ಮೇಲು. ಆದರೆ ಮಹಾಪೆಯ ಜುಲೈಯನ್ನು ಮರೆಯಬಾರದು. ತೊಟ್ಟಿಯ ಪಕ್ಕದಲ್ಲಿಟ್ಟರೆ ಅದರ ಫ್ಯಾನು ಆಮ್ಲದ ಆವಿಯನ್ನೂ ಮಳೆಗಾಲದ ತೇವವನ್ನೂ ಸರ್ಕ್ಯೂಟ್ ಬೋರ್ಡಿನ ಮೇಲೆ ಎಳೆದುಕೊಳ್ಳುತ್ತದೆ. ಎಣ್ಣೆಯೊಳಗಿನ ಹಳೆಯ ಯಂತ್ರಕ್ಕೆ ಆ ಭಯ ಕಡಿಮೆ. ಕ್ರೋಮ್ ಲೇಪನದ ನಡುವೆ ಕರೆಂಟು ನಿಂತರೆ, ಮತ್ತೆ ಕೂರಿಸಿದ ಪದರ ಸುಲಿದು ಬರುವ ಅಪಾಯವಿದೆ. ಒಂದು ಫ್ಯಾನು ಕೆಟ್ಟರೆ ಇಡೀ ದಿನದ ಮಾಲು ಹೋದಂತೆ.

ನನ್ನನ್ನು ಕೇಳಿದರೆ, ಯಂತ್ರವನ್ನು ಬೇರೆ ಕೋಣೆಯಲ್ಲಿ ಇಡಲು ಜಾಗವಿದ್ದವರು ಎಸ್‌ಎಂಪಿಎಸ್ ಕೊಳ್ಳಲಿ. ಜಾಗವಿಲ್ಲದವರು ಎಣ್ಣೆಯದನ್ನೇ, ತಮ್ಮ ತೊಟ್ಟಿಯ ವೋಲ್ಟಿಗೆ ಹೊಂದುವ ಅಳತೆಯಲ್ಲಿ ಮಾಡಿಸಿಕೊಳ್ಳಲಿ. ಯಾವುದೇ ಆಗಲಿ, ದಿನನಿತ್ಯ ಓಡಿಸುವ ವೋಲ್ಟ್ ಮತ್ತು ಆಂಪಿಯರಿನಲ್ಲಿ ದಕ್ಷತೆ, ರಿಪಲ್, ಪವರ್ ಫ್ಯಾಕ್ಟರ್ ಮೂರನ್ನೂ ಬರವಣಿಗೆಯಲ್ಲಿ ಕೇಳಬೇಕು. ಕೊನೆಯ ಕಂತನ್ನು ತಮ್ಮ ತೊಟ್ಟಿಯಲ್ಲೇ ಅಳೆದು ನೋಡಿದ ಮೇಲೆ ಕೊಡಬೇಕು. ಕೆಟ್ಟ ದಿನ ಯಾರು, ಎಷ್ಟು ಗಂಟೆಯೊಳಗೆ ಬರುತ್ತಾರೆ ಎಂಬುದೂ ಅದೇ ಕಾಗದದಲ್ಲಿರಬೇಕು. ಈ ಅಂಕಿಗಳನ್ನು ಬರೆದುಕೊಡಲು ಹಿಂದೇಟು ಹಾಕುವವನ ಯಂತ್ರ ಎಷ್ಟು ಅಗ್ಗವಾದರೂ ಬೇಡ.