ದಿನಕ್ಕೆ ಎಷ್ಟು ಕಿಮೀ ಅಂತ ಕೇಳೋದು ಬಿಡಿ (ಸೈಕಲ್ ಡೈರಿ, ಭಾಗ 6)

ಕಾರವಾರದಿಂದ ಮಂಗಳೂರಿನ ಫೋಟೊ ಹಾಕಿದಾಗಿಂದ ಇನ್‌ಬಾಕ್ಸ್ ತುಂಬ ಒಂದೇ ಪ್ರಶ್ನೆ: "ದಿನಕ್ಕೆ ಎಷ್ಟು ಕಿಮೀ ಹೊಡೆದ್ರಿ?" ಸುಮಾರು 270 ಕಿಮೀ, ಐದು ದಿನ. ಲೆಕ್ಕ ನೀವೇ ಹಾಕ್ಕೊಳ್ಳಿ. "ಅಷ್ಟೇನಾ?" ಅಂತ ನಗೋ ಇಮೋಜಿ ಕಳಿಸಿದವರಿಗೇ ಈ ಪೋಸ್ಟ್.

ಟೂರ್ ಅಳೆಯೋದಕ್ಕೆ ಇದರಷ್ಟು ಕೆಟ್ಟ ಅಳತೆ ಇನ್ನೊಂದಿಲ್ಲ ಅನ್ನೋದು ನನ್ನ ವಾದ. ರೇಸ್‌ಗೆ ಸರಿ. ಬ್ರೆವೆ ಓಡಿಸೋರಿಗೂ ಸರಿ, 200 ಕಿಮೀಯನ್ನ ಹದಿಮೂರೂವರೆ ಗಂಟೆಯೊಳಗೆ ಮುಗಿಸೋದೇ ಅಲ್ಲಿನ ಆಟ. ಆದ್ರೆ ಟೂರ್ ಅಂದ್ರೆ ಮನೆಯನ್ನ ಕ್ಯಾರಿಯರ್‌ಗೆ ಕಟ್ಟಿಕೊಂಡು ಹೋಗೋದು. ಮನೆ ಅಂದಮೇಲೆ ಮನೆಗೆಲಸ ಇರಲೇಬೇಕಲ್ವಾ?

ಬಟ್ಟೆಯನ್ನೇ ತಗೊಳ್ಳಿ. ಭಾರ ಕಡಿಮೆ ಇರಲಿ ಅಂತ ಓಡಿಸೋಕೆ ಎರಡೇ ಜೊತೆ ಇಟ್ಕೊಂಡಿರ್ತೀರಿ. ದಿನಾ ಒಗೀಲೇಬೇಕು, ಬೆವರು ಒಣಗಿದ ಚಡ್ಡಿಯನ್ನೇ ಮರುದಿನ ಹಾಕಿದ್ರೆ ತೊಡೆಸಂದಿ ಕಿತ್ತುಹೋಗುತ್ತೆ, ಆಮೇಲೆ ಸೀಟಿನ ಮೇಲೆ ಕೂರೋ ಮಾತೇ ಇಲ್ಲ. ಕರಾವಳಿಯಲ್ಲಿ ಡಿಸೆಂಬರ್‌ನಲ್ಲೂ ಗಾಳಿಯಲ್ಲಿ ತೇವ. ರಾತ್ರಿ ಹರವಿದ ಬಟ್ಟೆ ಬೆಳಗ್ಗೆ ಹಸಿಯಾಗೇ ಇರುತ್ತೆ. ಅಂದ್ರೆ ಬಿಸಿಲಿರುವಾಗಲೇ ಒಗೆದು ಹಾಕಬೇಕು, ಅಂದ್ರೆ ಮಧ್ಯಾಹ್ನ ಒಂದರೊಳಗೆ ಊರು ಸೇರಿರಬೇಕು. ಲಗೇಜ್ ಹೊತ್ತ ಸೈಕಲ್ ಗಂಟೆಗೆ ಹದಿನೈದು ಕಿಮೀ ಹೋದ್ರೆ ದೊಡ್ಡದು. ಬೆಳಗ್ಗೆ ಆರಕ್ಕೆ ಬಿಟ್ಟು, ತಿಂಡಿ, ಟೀ, ಒಂದು ಪಂಕ್ಚರ್ ಎಲ್ಲ ಸೇರಿಸಿದ್ರೆ ಐವತ್ತೋ ಅರವತ್ತೋ. ನಮ್ಮ ಟೈಮ್‌ಟೇಬಲ್ ಬರೆದಿದ್ದು ಸ್ಟ್ರಾವಾ ಅಲ್ಲ ಮಾರಾಯ್ರೇ, ಬಟ್ಟೆ ಹಗ್ಗ.

ಇಷ್ಟು ನಿಧಾನ ಹೋದದ್ದಕ್ಕೇ ಸಿಕ್ಕಿದ್ದು ಎಷ್ಟೋ. ಗೋಕರ್ಣದಿಂದ ಹೈವೇಗೆ ವಾಪಸ್ ಬರೋ ಬದಲು ತದಡಿಗೆ ಹೋಗಿ, ಅಘನಾಶಿನಿ ನದಿಯನ್ನ ದೋಣಿಯಲ್ಲಿ ದಾಟಿ ಕುಮಟಾ ಕಡೆ ಹೊರಡಬಹುದು. ಅವಸರದಲ್ಲಿರೋನು ದೋಣಿಗೆ ಕಾಯ್ತಾನಾ? ಕುಮಟಾದಲ್ಲಿ ಕೋಕಂ ಅಂತ ಕುಡಿದ ಅದೇ ಕೆಂಪು ಪಾನಕ ಉಡುಪಿಗೆ ಬರೋ ಹೊತ್ತಿಗೆ ಪುನರ್ಪುಳಿ. ಮಾತೂ ಹಾಗೇ: ಕಾರವಾರದಲ್ಲಿ ಕೊಂಕಣಿ, ಕುಂದಾಪುರ ಸೀಮೆಯಲ್ಲಿ "ಹ್ವಾಯ್", ಅದನ್ನು ದಾಟಿ ತೆಂಕಕ್ಕೆ ಬಂದ್ರೆ ತುಳು. ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ, ಮಧ್ಯೆ ರಸ್ತೆ. ಎಲ್ಲರ ಫೋಟೊದಲ್ಲೂ ಅದೇ ಇರುತ್ತೆ, ನನ್ನದರಲ್ಲೂ ಇದೆ, ಮುಂದೆ ಹೋಗೋಣ.

ನಿಜವಾಗಿ ಹೇಳಬೇಕಿರೋದು ಇದು. ದಿನಕ್ಕೆ 120 ಅಂತ ಹಟ ಹಿಡಿದ್ರೆ ಕೊನೇ ಇಪ್ಪತ್ತು ಮೂವತ್ತು ಕಿಮೀ ಕತ್ತಲಲ್ಲೇ. ಡಿಸೆಂಬರ್‌ನಲ್ಲಿ ಆರೂವರೆಗೆಲ್ಲ ಕತ್ತಲೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮೀನಿನ ಲಾರಿ, ಟ್ಯಾಂಕರ್, ಎದುರಿಂದ ರಾಂಗ್ ಸೈಡಲ್ಲಿ ಬರೋ ಬೈಕು. ಬೆರಳಷ್ಟು ಕೆಂಪು ಲೈಟ್ ನಂಬಿಕೊಂಡು ಹೋಗೋ ರಸ್ತೆ ಅಲ್ಲ ಅದು.

ಇನ್ನೊಂದು ವಿಷಯ ಹುಡುಗರಿಗೆ ಹೊಳೆಯೋದೇ ಕಡಿಮೆ. ನಮ್ಮ ಕ್ಲಾಸಿನ ಹುಡುಗಿಯರಿಗೆ ಮನೇಲಿ ಪರ್ಮಿಷನ್ ಸಿಗೋದು "ಕತ್ತಲಾಗೋ ಮೊದಲೇ ರೂಮ್ ಸೇರ್ತೀವಿ" ಅಂದಾಗ ಮಾತ್ರ. ಆ ರೂಲ್ ಅವರಿಗೆ ಮಾತ್ರ ಯಾಕೆ ಅಂತ ಜಗಳ ಆಡಬಹುದು, ಆಡಬೇಕು ಕೂಡ. ಆದ್ರೆ ಈ ವರ್ಷದ ರಜೆ ಆ ಜಗಳ ಮುಗಿಯೋವರೆಗೆ ಕಾಯಲ್ಲ. ನೀವು 120ರ ಪ್ಲಾನ್ ಹಾಕಿದ ಕ್ಷಣವೇ ಅವರು ಗುಂಪಿಂದ ಹೊರಗೆ. ಹಳೇ ಗೇರಿಲ್ಲದ ಸೈಕಲ್ ಇರೋನೂ ಹೊರಗೆ. ಆಮೇಲೆ "ಯಾರೂ ಬರಲ್ಲ ಕಣೋ" ಅಂತ ಸ್ಟೋರಿ ಹಾಕ್ತೀರಿ!

ರಜೆ ಎರಡೇ ದಿನ ಅಂತೀರಾ? ದಾರಿಯನ್ನೇ ಕತ್ತರಿಸಿ. ಹೊನ್ನಾವರದವರೆಗೆ ಬನ್ನಿ ಸಾಕು, ಶರಾವತಿ ಸೇತುವೆಯಿಂದ ಆಚೆಗಿನದು ಮುಂದಿನ ರಜೆಗೆ ಇರಲಿ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ಇರೋರನ್ನ ಮುಂದೆ ಬಿಡಿ, ಗಟ್ಟಿಗರು ಹಿಂದೆ ಇರಿ.

ಈ ಸಲ ಯಾರ್ಯಾರು ಬರ್ತೀರಿ ಅಂತ ಮೆಸೇಜ್ ಮಾಡಿ. ಸೈಕಲ್ ಯಾವುದಾದ್ರೂ ನಡೆಯುತ್ತೆ. ಬಟ್ಟೆ ಕ್ಲಿಪ್ ಮಾತ್ರ ನಿಮ್ಮದೇ ತನ್ನಿ, ನನ್ನದು ಕೊಡಲ್ಲ.

#ಸೈಕಲ್‌ಡೈರಿ #ಕರಾವಳಿ