ಮರಣಪತ್ರದಲ್ಲಿ ಗಾಳಿಯ ಹೆಸರು

2020ರ ಡಿಸೆಂಬರ್ 16ರಂದು ಲಂಡನ್ನಿನಲ್ಲಿ ಎರಡು ತೀರ್ಪುಗಳು ಹೊರಬಿದ್ದವು. ಹೀಥ್ರೂ ವಿಮಾನ ನಿಲ್ದಾಣದ ಮೂರನೆಯ ರನ್‌ವೇಗೆ ಅಡ್ಡವಾಗಿದ್ದ ಮೇಲ್ಮನವಿ ನ್ಯಾಯಾಲಯದ ಆದೇಶವನ್ನು ಸುಪ್ರೀಂ ಕೋರ್ಟ್ ರದ್ದುಪಡಿಸಿತು. ಅದೇ ದಿನ, 2013ರಲ್ಲಿ ತೀವ್ರ ಉಬ್ಬಸದಿಂದ ತೀರಿಕೊಂಡ ಲೂಯಿಷಮ್‌ನ ಒಂಬತ್ತು ವರ್ಷದ ಬಾಲಕಿ ಎಲಾ ಅಡೂ-ಕಿಸ್ಸಿ-ಡೆಬ್ರಾಳ ಸಾವಿಗೆ ವಾಯುಮಾಲಿನ್ಯವೂ ಕಾರಣವೆಂದು ಮರಣ ವಿಚಾರಣಾಧಿಕಾರಿ ಘೋಷಿಸಿದರು. ಬ್ರಿಟನ್ನಿನಲ್ಲಿ ಅಂತಹ ತೀರ್ಮಾನ ಅದೇ ಮೊದಲು. ಹೀಥ್ರೂವಿನ ಮಗ್ಗುಲಲ್ಲೇ ಇರುವ ಫೆಲ್ಥಮ್‌ನ ನಿವಾಸಿಗಳಿಗೆ ಈ ಎರಡೂ ತೀರ್ಪುಗಳು ದೂರದ ಸುದ್ದಿಯಲ್ಲ.

ಎರಡನೆಯ ತೀರ್ಮಾನದ ಹಿಂದೆ ತಾಯಿ ರೋಸಮಂಡ್ ಅವರ ಛಲವಿತ್ತು; ಜೊತೆಗೆ ಸೌತಾಂಪ್ಟನ್ ವಿಶ್ವವಿದ್ಯಾಲಯದ ಶ್ವಾಸಕೋಶ ತಜ್ಞ ಸ್ಟೀಫನ್ ಹೋಲ್‌ಗೇಟ್ ಅವರ ದಶಕಗಳ ಸಂಶೋಧನೆಯಿತ್ತು. 2014ರ ವಿಚಾರಣೆಯಲ್ಲಿ ಗಾಳಿಯ ಪ್ರಸ್ತಾಪವೇ ಇರಲಿಲ್ಲ. ಹೋಲ್‌ಗೇಟ್ 2018ರಲ್ಲಿ ಸಲ್ಲಿಸಿದ ವರದಿಯ ಬಲದಿಂದ ಹೈಕೋರ್ಟ್ ಮರುವಿಚಾರಣೆಗೆ ಆದೇಶಿಸಿತು. ಹೊರಾಂಗಣ ಮಾಲಿನ್ಯದಿಂದ ಬ್ರಿಟನ್ನಿನಲ್ಲಿ ವರ್ಷಕ್ಕೆ ಸುಮಾರು 40,000 ಸಾವುಗಳು ಸಂಭವಿಸುತ್ತವೆಂದು ಅಂದಾಜಿಸಿದ 2016ರ ವೈದ್ಯರ ವರದಿಯ ನೇತೃತ್ವವನ್ನೂ ಅವರೇ ವಹಿಸಿದ್ದರು. ಆ ಬೃಹತ್ ಅಂಕಿಯೊಳಗಿನ ಒಂದು ಸಾವಿಗೆ ಹೆಸರು ದೊರೆತದ್ದು ಎಲಾಳ ಮರಣಪತ್ರದಲ್ಲಿ.

ಇಂತಹ ಎಣಿಕೆ ಕನ್ನಡಿಗರಿಗೆ ಹೊಸದಲ್ಲ. ಬೆಂಗಳೂರಿನ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರು ತಮ್ಮ ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಉಬ್ಬಸದ ಪ್ರಮಾಣ 1979ರಲ್ಲಿದ್ದ ಶೇ. 9ರಿಂದ 1999ರ ವೇಳೆಗೆ ಶೇ. 29.5ಕ್ಕೆ ಏರಿದ್ದನ್ನು ದಾಖಲಿಸಿದ್ದರು. ನಗರ ಬೆಳೆಯಿತು, ಆ ಎಚ್ಚರಿಕೆ ಯೋಜನೆಗಳ ಕಡತ ಸೇರಲಿಲ್ಲ.

ಹೀಗಿರುವಾಗ ವಲಸಿಗರಾದ ಕನ್ನಡಿಗರ ನಿಲುವೇನು? ಹಳೆಯ ವಾಹನಗಳ ಮೇಲೆ ಶುಲ್ಕ ವಿಧಿಸುವ ವಲಯ 2023ರ ಆಗಸ್ಟ್ 29ರಂದು ಫೆಲ್ಥಮ್‌ಗೂ ವಿಸ್ತರಿಸಿತು. ದುಡಿದು ತಿನ್ನುವ ವ್ಯಾನ್ ಚಾಲಕನ ಮೇಲೆ ಬಿದ್ದ ಭಾರ ಸುಳ್ಳಲ್ಲ. ಅವನಿಗೆ ನೆರವು ಸಿಗಲೇಬೇಕು. ಆದರೆ ಚಾಲಕನಿಂದ ಶುಲ್ಕ ಕೇಳುವ ನಾಡಿನಲ್ಲೇ ಸರ್ಕಾರ 2025ರ ಜನವರಿಯಲ್ಲಿ ಮೂರನೆಯ ರನ್‌ವೇಗೆ ಬೆಂಬಲ ಸಾರಿತು. ಬಡವನ ವ್ಯಾನಿಗೊಂದು ನ್ಯಾಯ, ವಿಮಾನಕ್ಕೊಂದು ನ್ಯಾಯ ಎಂಬಂತಾಗಬಾರದು. ವರ್ಷಕ್ಕೊಮ್ಮೆ ಊರಿಗೆ ಹಾರುವವರೂ ಈ ಪ್ರಶ್ನೆಯಿಂದ ಹೊರತಲ್ಲ.

ವೈದ್ಯನ ಸಾಕ್ಷ್ಯ ಮಗುವಿನ ಸಾವಿನ ನಂತರ ನ್ಯಾಯಾಲಯ ತಲುಪಿದರೆ ಸಾಲದು. ಕಾಮಗಾರಿಗೆ ಅನುಮತಿ ನೀಡುವ ಮುನ್ನವೇ ಅದನ್ನು ಮೇಜಿನ ಮೇಲಿಡಬೇಕೆಂದು ಫೆಲ್ಥಮ್‌ನಲ್ಲೂ ಬೆಂಗಳೂರಿನಲ್ಲೂ ಒತ್ತಾಯಿಸಬೇಕಾಗಿದೆ.